ಬೇರೆ ಪಕ್ಷದವರನ್ನು ಕರೆಯಿರಿ, ಕೈಯಲ್ಲೊಂದು ಕರಡು ಇಟ್ಟುಕೊಂಡು ಕರೆಯಿರಿ

ಓದುಗರ ಪ್ರಶ್ನೆ: ನಾವು ಉಡುಪಿ, ಮಂಗಳೂರಿನ ಕೆಲವು ಗೆಳೆಯ ಗೆಳತಿಯರು. ಶಿಕ್ಷಕರಿದ್ದೇವೆ, ವಕೀಲರಿದ್ದಾರೆ, ಐಟಿ ಕೆಲಸದವರಿದ್ದಾರೆ. ನಮ್ಮನ್ನು ನಾವು ಪ್ರಗತಿಪರರು ಎಂದುಕೊಂಡಿದ್ದೇವೆ. ಆದರೆ ನಮ್ಮ ಸಭೆಗಳಲ್ಲಿ ಪ್ರತಿ ಸಲವೂ ಅವೇ ಮುಖಗಳು, ಅವೇ ಮಾತುಗಳು. ಬ್ರಿಟನ್ನಿನಲ್ಲಿ ಪ್ರಗತಿಪರರು ಪಕ್ಷದ ಗೆರೆ ದಾಟಿ ಒಟ್ಟಿಗೆ ಕುಳಿತು ಹೊಸ ನೀತಿಗಳನ್ನು ಚರ್ಚಿಸುತ್ತಾರೆ ಎಂದು ಓದಿದ ಮೇಲೆ ಇಲ್ಲಿಯೂ ಯಾಕೆ ಮಾಡಬಾರದು ಅನಿಸಿತು. ಕಾಂಗ್ರೆಸ್, ಕಮ್ಯುನಿಸ್ಟ್, ಜೆಡಿಎಸ್, ದಲಿತ ಸಂಘಟನೆಗಳವರ ಜೊತೆಗೆ ಬಿಜೆಪಿಯ ಒಲವಿರುವ ಒಬ್ಬಿಬ್ಬರು ಪಂಚಾಯತ್ ಸದಸ್ಯರನ್ನೂ ಕರೆಯೋಣ ಎಂದದ್ದಕ್ಕೆ ನಮ್ಮೊಳಗೇ ಜಗಳವಾಯಿತು. ಇದು ಶರಣಾಗತಿ ಎಂದು ಹಿರಿಯರೊಬ್ಬರು ಸಿಟ್ಟಾಗಿ ಎದ್ದು ಹೋದರು. ಇಂಥ ಸಂವಾದದಿಂದ ನಿಜಕ್ಕೂ ಏನಾದರೂ ಆಗುತ್ತದೆಯೇ? ಆಗುವುದಾದರೆ ಎಲ್ಲಿಂದ ಶುರು ಮಾಡಬೇಕು?

ಉತ್ತರ:

ಕರೆಯಿರಿ. ಬಿಜೆಪಿ ಒಲವಿನ ಆ ಪಂಚಾಯತ್ ಸದಸ್ಯರನ್ನೂ ಕರೆಯಿರಿ. ಆದರೆ 'ಸೌಹಾರ್ದದ ಬಗ್ಗೆ ಮಾತನಾಡೋಣ ಬನ್ನಿ', 'ಕರಾವಳಿಯ ಭವಿಷ್ಯದ ಬಗ್ಗೆ ಚಿಂತಿಸೋಣ ಬನ್ನಿ' ಎಂದು ಕರೆಯಬೇಡಿ. ಅಂಥ ಸಭೆಗೆ ಬಂದವರು ತಮ್ಮ ಪಕ್ಷದ ಭಾಷಣ ಮಾಡಿ, ಕಾಫಿ ಕುಡಿದು, ಬಂದ ಹಾಗೆಯೇ ಹಿಂದಿರುಗುತ್ತಾರೆ. ಎದ್ದು ಹೋದ ಹಿರಿಯರನ್ನೂ ಬಿಡಬೇಡಿ. ಈ ಜಿಲ್ಲೆಗಳಲ್ಲಿ ಮಾತುಕತೆಯ ಹೆಸರಿನಲ್ಲಿ ತಪ್ಪಿತಸ್ಥರ ಕೈ ಕುಲುಕಿ ಫೋಟೋ ತೆಗೆಸಿಕೊಂಡ ಶಾಂತಿ ಸಭೆಗಳನ್ನು ಅವರು ನೋಡಿರುತ್ತಾರೆ. ಅವರ ಸಂಶಯಕ್ಕೆ ಕಾರಣವಿದೆ, ಅದಕ್ಕೆ ಮುಂದೆ ಬರುತ್ತೇನೆ.

ಪಕ್ಷದ ಗೆರೆ ದಾಟಿದ ಪ್ರಗತಿಪರ ಕೆಲಸವನ್ನು ನೋಡಲು ನೀವು ಬ್ರಿಟನ್ನಿನವರೆಗೆ ಹೋಗಬೇಕಾಗಿಲ್ಲ. ನಿಮ್ಮದೇ ಊರಿನ ಪುರಸಭೆಯಿಂದ ಶುರು ಮಾಡುತ್ತೇನೆ. 1968ರಲ್ಲಿ ಉಡುಪಿ ಪುರಸಭೆ ಇಂದಿನ ಬಿಜೆಪಿಯ ಪೂರ್ವರೂಪವಾದ ಜನಸಂಘದ ಕೈಗೆ ಬಂತು; ಡಾ. ವಿ.ಎಸ್. ಆಚಾರ್ಯ ಅಧ್ಯಕ್ಷರಾದರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ದೇಶದಲ್ಲಿ ಮೊದಮೊದಲು ನಿಲ್ಲಿಸಿದ ಪುರಸಭೆಗಳ ಸಾಲಿನಲ್ಲಿ ಉಡುಪಿಯ ಹೆಸರು ಇರುವುದು ಆ ಆಡಳಿತದ ಕಾಲದ ತೀರ್ಮಾನದಿಂದ. ಅದೇ ಹೊತ್ತಿಗೆ, ಎಪ್ಪತ್ತರ ದಶಕದ ಆರಂಭದಲ್ಲಿ, ದೇವರಾಜ ಅರಸು ಅವರ ಕಾಂಗ್ರೆಸ್ ಸಂಪುಟದಲ್ಲಿದ್ದ ದಲಿತ ನಾಯಕ ಬಿ. ಬಸವಲಿಂಗಪ್ಪ ಇಡೀ ರಾಜ್ಯದಲ್ಲಿ ಆ ಪದ್ಧತಿಯ ವಿರುದ್ಧ ಆದೇಶ ತಂದರು. ಇಬ್ಬರ ರಾಜಕೀಯಕ್ಕೂ ಅಜಗಜಾಂತರ. ಇವರಿಗಿಂತ ಬಹಳ ಹಿಂದೆ, 1892ರಲ್ಲಿ, ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದಾಗ ಜನಸಂಘ ಹುಟ್ಟಿರಲೇ ಇಲ್ಲ, ಕಾಂಗ್ರೆಸ್ಸಿಗೆ ಏಳೇ ವರ್ಷ. ಈ ಪಕ್ಷಗಳು ಎತ್ತಿಕೊಳ್ಳುವುದಕ್ಕೆ ಮೊದಲೇ ಇಲ್ಲಿ ಪ್ರಶ್ನೆ ಇತ್ತು. ಅದನ್ನು ಎತ್ತಿಕೊಂಡವರು ಬೇರೆ ಬೇರೆ ಕಡೆಯಿಂದ ಬಂದರು.

ಇನ್ನೊಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಅದರೊಳಗೆ ನಿಮಗೆ ಬೇಕಾದ ವಿಧಾನವೇ ಇದೆ. ಕೊಂಕಣ ರೈಲ್ವೆ. ಮುಂಬಯಿಯ ಹೋಟೆಲುಗಳಲ್ಲಿ, ಗಿರಣಿಗಳಲ್ಲಿ ದುಡಿಯುತ್ತಿದ್ದ ನಮ್ಮ ಜನ ಊರಿಗೆ ಬರಲು ಘಟ್ಟದ ರಸ್ತೆಗಳಲ್ಲಿ ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಕೂರುತ್ತಿದ್ದ ಕಾಲ ಅದು. ಬೇಡಿಕೆ ಹಳೆಯದು, ಭರವಸೆಗಳೂ ಹಳೆಯವು. 1989ರ ಕೊನೆಗೆ ಮಂಗಳೂರಿನಲ್ಲಿ ಹುಟ್ಟಿದ ಸಮಾಜವಾದಿ ಜಾರ್ಜ್ ಫೆರ್ನಾಂಡಿಸ್ ರೈಲ್ವೆ ಮಂತ್ರಿಯಾದರು. ಕೊಂಕಣದ ರಾಜಾಪುರದಿಂದ ಗೆದ್ದ ಮಧು ದಂಡವತೆ ಹಣಕಾಸು ಮಂತ್ರಿ. ವಿ.ಪಿ. ಸಿಂಗ್ ಅವರ ಆ ಸರಕಾರ ನಿಂತಿದ್ದು ಹೊರಗಿನಿಂದ ಬಿಜೆಪಿ ಮತ್ತು ಎಡಪಕ್ಷಗಳು ಕೊಟ್ಟ ಬೆಂಬಲದ ಮೇಲೆ. ರೈಲು ಹಾದುಹೋಗಬೇಕಾದ ಮಹಾರಾಷ್ಟ್ರದಲ್ಲಿ, ಕರ್ನಾಟಕದಲ್ಲಿ ಕಾಂಗ್ರೆಸ್ ಸರಕಾರಗಳು. ಅದರಿಂದ ಲಾಭ ಪಡೆಯಲಿದ್ದ ಕೇರಳದಲ್ಲಿ ಎಡರಂಗ. ಗೋವಾದಲ್ಲಿ ಆ ಒಂದೇ ವರ್ಷದಲ್ಲಿ ಸರಕಾರವೇ ಬದಲಾಗುತ್ತಿತ್ತು. ಇಷ್ಟು ಪಕ್ಷಗಳನ್ನು ಒಂದು ಸಿದ್ಧಾಂತಕ್ಕೆ ಒಪ್ಪಿಸಲು ಹೊರಟಿದ್ದರೆ ಇವತ್ತಿಗೂ ಹಳಿ ಬೀಳುತ್ತಿರಲಿಲ್ಲ. ಅವರು ಒಪ್ಪಿಸಿದ್ದು ಒಂದು ಲೆಕ್ಕಕ್ಕೆ. 1990ರ ಜುಲೈಯಲ್ಲಿ ನಿಗಮ ನೋಂದಣಿಯಾಯಿತು. ಕೇಂದ್ರದ ಪಾಲು ಶೇ. 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6. ಉಳಿದ ಹಣಕ್ಕೆ ಸಾರ್ವಜನಿಕರಿಂದ ಬಾಂಡ್. ಯಾರು ಎಷ್ಟು ಕೊಡಬೇಕು, ಯಾರಿಗೆ ಏನು ಸಿಗುತ್ತದೆ ಎಂಬುದು ಕಾಗದದ ಮೇಲೆ ಸ್ಪಷ್ಟವಾಗಿತ್ತು. ಆ ನವೆಂಬರಿನಲ್ಲೇ ವಿ.ಪಿ. ಸಿಂಗ್ ಸರಕಾರ ಬಿತ್ತು. ಕೆಲಸ ನಿಲ್ಲಲಿಲ್ಲ. ಚಂದ್ರಶೇಖರ್, ನರಸಿಂಹ ರಾವ್, ದೇವೇಗೌಡ, ಗುಜ್ರಾಲ್ ಸರಕಾರಗಳನ್ನು ದಾಟಿ 1998ರ ಜನವರಿ 26ರಂದು 741 ಕಿಲೋಮೀಟರ್ ಮಾರ್ಗ ಪೂರ್ತಿಯಾಗಿ ತೆರೆಯಿತು. ಮಂಗಳೂರು ಉಡುಪಿ ನಡುವಿನ ಭಾಗ 1993ರಲ್ಲೇ ಓಡುತ್ತಿತ್ತು.

ಇದರಲ್ಲಿ ನಿಗಮದ ಮುಖ್ಯಸ್ಥರಾಗಿದ್ದ ಇ. ಶ್ರೀಧರನ್ ಅವರ ದಕ್ಷತೆಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು, ಸರಕಾರಗಳು ಬಿದ್ದರೂ ಬೀಳದಂಥ ಒಂದು ಒಪ್ಪಂದವನ್ನು ಬರೆದಿಟ್ಟ ರಾಜಕೀಯ ಕೌಶಲ.

ನೀವು ಬ್ರಿಟನ್ನಿನ ಮಾತೆತ್ತಿದ್ದೀರಿ. ಅಲ್ಲಿನ ಕಲ್ಯಾಣ ರಾಜ್ಯದ ನೀಲನಕ್ಷೆಯಾದ 1942ರ ವರದಿಯನ್ನು ಬರೆದ ವಿಲಿಯಂ ಬೆವರಿಜ್ ಲಿಬರಲ್. ಆಗ ಯುದ್ಧಕಾಲದ ಸಮ್ಮಿಶ್ರ ಸರಕಾರದ ಮುಖ್ಯಸ್ಥ ಕನ್ಸರ್ವೇಟಿವ್ ಪಕ್ಷದ ಚರ್ಚಿಲ್. ಅದನ್ನು ಕಾನೂನಾಗಿ ಮಾಡಿದ್ದು 1945ರ ನಂತರದ ಲೇಬರ್ ಸರಕಾರ. ನಮ್ಮಲ್ಲೂ ಅಂಥದ್ದು ನಡೆದಿದೆ. ಯುಪಿಎ ಸರಕಾರದ ಗ್ರಾಮೀಣ ಉದ್ಯೋಗ ಖಾತರಿ ಮಸೂದೆ 2005ರಲ್ಲಿ ಅಂಗೀಕಾರವಾಗುವ ಮೊದಲು ಅದನ್ನು ಪರಿಶೀಲಿಸಿದ ಸಂಸದೀಯ ಸ್ಥಾಯಿ ಸಮಿತಿಯ ಅಧ್ಯಕ್ಷರು ಬಿಜೆಪಿಯ ಕಲ್ಯಾಣ್ ಸಿಂಗ್. ಆ ಸಮಿತಿ ಮಸೂದೆಯನ್ನು ಗಟ್ಟಿಗೊಳಿಸುವ ಶಿಫಾರಸುಗಳನ್ನೇ ಮಾಡಿತು.

ಹಾಗಾದರೆ ಕರಾವಳಿಯ ಪ್ರಗತಿಪರ ರಾಜಕೀಯ ಯಾಕೆ ಒಣಗಿತು? ಕೋಮುವಾದ ಬೆಳೆಯಿತು, ಆದ್ದರಿಂದ ಎಂದು ನಾವೆಲ್ಲ ಹೇಳುತ್ತೇವೆ. ಅದು ಅರ್ಧ ಉತ್ತರ. ಉಳಿದರ್ಧ ಭೂಮಸೂದೆಯಲ್ಲಿದೆ.

1974ರ ಮಾರ್ಚ್ 1ರಿಂದ ಜಾರಿಗೆ ಬಂದ, ಉಳುವ ಗೇಣಿದಾರನಿಗೇ ಭೂಮಿ ಕೊಡಿಸಿದ ಭೂಸುಧಾರಣಾ ತಿದ್ದುಪಡಿಯಷ್ಟು ಆಳವಾಗಿ ಈ ಎರಡು ಜಿಲ್ಲೆಗಳನ್ನು ಬದಲಿಸಿದ ಕಾನೂನು ಬೇರೊಂದಿಲ್ಲ. ಅವಿಭಜಿತ ದಕ್ಷಿಣ ಕನ್ನಡ ಗೇಣಿದಾರರ ಜಿಲ್ಲೆ. ಚಾಲಗೇಣಿಯವನಿಗೆ ಮುಂದಿನ ವರ್ಷ ಆ ಗದ್ದೆ ಇರುತ್ತದೆಯೋ ಇಲ್ಲವೋ ಗೊತ್ತಿರಲಿಲ್ಲ. ಬೆಳೆದ ಅಕ್ಕಿಯ ದೊಡ್ಡ ಪಾಲು ಧಣಿಯ ಅಂಗಳಕ್ಕೆ ಹೋಗುತ್ತಿತ್ತು. ಕಮ್ಯುನಿಸ್ಟರ, ಸಮಾಜವಾದಿಗಳ ರೈತ ಸಂಘಟನೆಗಳು ದಶಕಗಳ ಕಾಲ ಗೇಣಿದಾರರನ್ನು ಕಟ್ಟಿದವು. ಬಿ.ವಿ. ಕಕ್ಕಿಲ್ಲಾಯರಂಥವರು ಕಮ್ಯುನಿಸ್ಟ್ ಪಕ್ಷದಿಂದ ಇಲ್ಲಿಂದಲೇ ಗೆದ್ದು ವಿಧಾನಸಭೆಯಲ್ಲಿದ್ದ ದಶಕವದು. ಕಾನೂನು ತಂದದ್ದು ಅರಸು ಅವರ ಕಾಂಗ್ರೆಸ್ ಸರಕಾರ. ತಾಲೂಕು ಮಟ್ಟದ ಭೂನ್ಯಾಯಮಂಡಳಿಗಳಲ್ಲಿ ಉಪವಿಭಾಗಾಧಿಕಾರಿಯ ಜೊತೆ ಸರಕಾರ ನೇಮಿಸಿದ ಸದಸ್ಯರು ಕೂರುತ್ತಿದ್ದರು. ಅವರಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬರಾದರೂ ಇರಬೇಕಿತ್ತು. ಮಂಡಳಿಯ ಮುಂದೆ ವಕೀಲರಿಗೆ ಅವಕಾಶವಿರಲಿಲ್ಲ, ಹಾಗಾಗಿ ಓದುಬರಹ ಬಾರದ ಗೇಣಿದಾರ ತಾನೇ ನಿಂತು ಹೇಳಿಕೆ ಕೊಟ್ಟ. ನಮ್ಮ ಹಳ್ಳಿಗಳಲ್ಲಿ 'ಡಿಕ್ಲರೇಶನ್ ಕೊಟ್ಟದ್ದು' ಎಂದರೆ ಇಂದಿಗೂ ಎಲ್ಲರಿಗೂ ಗೊತ್ತು.

ಗೆದ್ದರು. ಗೆದ್ದ ಮೇಲೆ ಏನು? ಗೇಣಿದಾರನ ಮಗ ಭೂಮಾಲಿಕನಾದ. ಗದ್ದೆ ಅಡಿಕೆ ತೋಟವಾಯಿತು, ಅಣ್ಣ ಮುಂಬಯಿಗೆ, ತಮ್ಮ ಗಲ್ಫ್‌ಗೆ ಹೋದ, ತಂಗಿ ಬ್ಯಾಂಕ್ ಕೆಲಸಕ್ಕೆ ಸೇರಿದಳು. ಆ ಹೊಸ ಮನೆಯ ಕಷ್ಟಸುಖಗಳೇ ಬೇರೆ: ಮಕ್ಕಳ ಓದು, ತೋಟಕ್ಕೆ ಆಳು, ವಯಸ್ಸಾದ ತಂದೆ ತಾಯಿಯನ್ನು ನೋಡಿಕೊಳ್ಳುವವರು ಯಾರು, ಊರಿನಲ್ಲಿ ತನ್ನ ಮಾನ ಮರ್ಯಾದೆ ಏನು. ಭೂಮಿ ಕೊಡಿಸಿದ ರಾಜಕೀಯ ಈ ಪ್ರಶ್ನೆಗಳಿಗೆ ಒಂದು ಪುಟದ ಕಾರ್ಯಕ್ರಮವನ್ನೂ ಬರೆಯಲಿಲ್ಲ. ಮಾನ ಮರ್ಯಾದೆಯ ಪ್ರಶ್ನೆಗೆ ಉತ್ತರ ಕೊಟ್ಟವರು ಬೇರೆ: ಜಾತಿ ಸಂಘ, ದೇವಸ್ಥಾನದ ಬ್ರಹ್ಮಕಲಶೋತ್ಸವ ಸಮಿತಿ, ಭಜನಾ ಮಂಡಳಿ, ಆರೆಸ್ಸೆಸ್ ಶಾಖೆ. ಅದನ್ನು ನೋಡಿ ಜನ ಕೃತಘ್ನರು ಎಂದುಕೊಳ್ಳುವ ಪ್ರಗತಿಪರರನ್ನು ಕಂಡಾಗ ನನಗೆ ನೋವಾಗುತ್ತದೆ. ಜನ ಹೊಸ ಪ್ರಶ್ನೆ ಹಿಡಿದು ನಿಂತಿದ್ದರು. ನಮ್ಮ ಕೈಯಲ್ಲಿ ಹಳೆಯ ಉತ್ತರಪತ್ರಿಕೆ ಇತ್ತು.

ಭೂಮಸೂದೆಯ ಒಳಗೇ ಒಂದು ದೊಡ್ಡ ತೂತೂ ಉಳಿಯಿತು. ಭೂಮಿ ಸಿಕ್ಕಿದ್ದು ಗೇಣಿದಾರನಿಗೆ. ಗೇಣಿದಾರನ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದ ದಲಿತರಿಗೆ, ಬುಟ್ಟಿ ಹೆಣೆಯುತ್ತಿದ್ದ ಆದಿವಾಸಿ ಕೊರಗರಿಗೆ ಡಿಕ್ಲರೇಶನ್ ಕೊಡಲು ಗೇಣಿ ಚೀಟಿಯೇ ಇರಲಿಲ್ಲ. ಮದರಾಸು ಪ್ರಾಂತ್ಯದ ಕಾಲದಲ್ಲಿ ಶೋಷಿತ ವರ್ಗಗಳಿಗೆಂದು ಮೀಸಲಿಟ್ಟ ಡಿ.ಸಿ. ಮನ್ನಾ ಭೂಮಿಯನ್ನು ಅರ್ಹರಿಗೆ ಹಂಚಿ ಎಂದು ದಲಿತ ಸಂಘಟನೆಗಳು ಎರಡೂ ಜಿಲ್ಲೆಗಳಲ್ಲಿ ಕೇಳುತ್ತಲೇ ಬಂದಿವೆ. ಕೊರಗ ಕುಟುಂಬಕ್ಕೆ ತಲಾ ಎರಡೂವರೆ ಎಕರೆ ಕೊಡಬೇಕೆಂಬ ಡಾ. ಮಹಮ್ಮದ್ ಪೀರ್ ವರದಿಯ ಶಿಫಾರಸು ಜಾರಿಯಾಗಲಿ ಎಂಬುದು ಕೊರಗ ಸಂಘಟನೆಗಳ ಹಳೆಯ ಬೇಡಿಕೆ. 2000ದಲ್ಲಿ ಕೊರಗರನ್ನು ಅವಮಾನಕ್ಕೆ ಗುರಿಮಾಡುತ್ತಿದ್ದ ಅಜಲು ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಿದೆವು, ಭೂಮಿಯ ಮಾತು ಅಲ್ಲೇ ನಿಂತಿತು. ಸಂವಾದಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೆ? ಎಲ್ಲ ಪಕ್ಷಗಳೂ ವೇದಿಕೆಯಲ್ಲಿ ಇದಕ್ಕೆ ಹೂಂ ಎನ್ನುತ್ತವೆ. ಕೆಲಸ ನಿಂತಿರುವುದು ಯಾವ ಗ್ರಾಮದಲ್ಲಿ ಎಷ್ಟು ಜಮೀನಿದೆ, ಅದರಲ್ಲಿ ಎಷ್ಟು ಒತ್ತುವರಿಯಾಗಿದೆ, ಎಷ್ಟು ಅರಣ್ಯ ಎಂದು ದಾಖಲಾಗಿದೆ ಎಂಬ ಪಟ್ಟಿಯಲ್ಲಿ. ನಿಮ್ಮಲ್ಲಿ ವಕೀಲರಿದ್ದಾರೆ. ನಿಮ್ಮ ತಾಲೂಕಿನ ಒಂದು ಹೋಬಳಿಯ ಪಟ್ಟಿಯನ್ನು ಮಾಹಿತಿ ಹಕ್ಕಿನಲ್ಲಿ ತೆಗೆಸಿ ಮೇಜಿನ ಮೇಲೆ ಇಡಿ. ಆಮೇಲೆ ಮಾತು ತಾನಾಗಿ ಬದಲಾಗುತ್ತದೆ.

ಕರಾವಳಿ ಒಂದೇ ಕಡೆ ವಾಲಿದೆ, ಇಲ್ಲಿ ಏನೂ ಸಾಧ್ಯವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ದಕ್ಷಿಣ ಕನ್ನಡದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ 2013ರಲ್ಲಿ ಏಳನ್ನು ಕಾಂಗ್ರೆಸ್ ಗೆದ್ದಿತ್ತು. 2018ರಲ್ಲಿ ಅದೇ ಎಂಟರಲ್ಲಿ ಏಳು ಬಿಜೆಪಿಗೆ ಹೋದವು. 2023ರಲ್ಲಿ ಆರು ಬಿಜೆಪಿಗೆ, ಎರಡು ಕಾಂಗ್ರೆಸ್ಸಿಗೆ. ಉಡುಪಿಯ ಐದೂ ಕ್ಷೇತ್ರಗಳು ಕಳೆದೆರಡು ಚುನಾವಣೆಗಳಲ್ಲಿ ಬಿಜೆಪಿಯ ಪಾಲಾದವು ನಿಜ, 2013ರಲ್ಲಿ ಹಾಗಿರಲಿಲ್ಲ. ಮತದಾರ ಕಲ್ಲಿನ ಮೂರ್ತಿಯ ಹಾಗೆ ಒಂದೇ ಕಡೆ ಮುಖ ಮಾಡಿ ನಿಂತಿಲ್ಲ.

ಈಗ ಹೊಸ ನೀತಿಯ ಮಾತಿಗೆ ಬರೋಣ. ನನ್ನ ಅಭಿಪ್ರಾಯದಲ್ಲಿ ನೀವು ಮೊದಲು ಎತ್ತಿಕೊಳ್ಳಬೇಕಾದದ್ದು ಬಸ್ಸು.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ರಾಜ್ಯದ ಮಹಿಳೆಯರಿಗೆ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ. ಹಾಸನದ, ಕಲಬುರಗಿಯ ಹೆಣ್ಣುಮಕ್ಕಳಿಗೆ ಅದರಿಂದ ಆದ ಉಪಕಾರವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ನಮ್ಮ ಎರಡು ಜಿಲ್ಲೆಗಳಲ್ಲಿ ಹೆಚ್ಚಿನ ಮಾರ್ಗಗಳು ಮೊದಲಿನಿಂದಲೂ ಖಾಸಗಿ ಬಸ್ಸುಗಳ ಕೈಯಲ್ಲಿವೆ. ಮಂಗಳೂರಿನ ಸಿಟಿ ಬಸ್ಸು ಖಾಸಗಿ, ಹಳ್ಳಿಗೆ ಹೋಗುವ ಸರ್ವಿಸ್ ಬಸ್ಸು ಖಾಸಗಿ. ಕಾರ್ಕಳದ ಒಳಗಿನ ಹಳ್ಳಿಯಿಂದ ಮಣಿಪಾಲದ ಆಸ್ಪತ್ರೆಗೆ ಆಯಾ ಕೆಲಸಕ್ಕೆ ಬರುವ ಹೆಂಗಸು, ಸುರತ್ಕಲ್ಲಿನಿಂದ ಹಂಪನಕಟ್ಟೆಯ ಬಟ್ಟೆ ಅಂಗಡಿಗೆ ಹೋಗುವ ಹುಡುಗಿ ಟಿಕೆಟ್ ದುಡ್ಡು ಕೊಟ್ಟೇ ಹೋಗುತ್ತಾಳೆ. ಒಂದೇ ರಾಜ್ಯದ ಒಂದೇ ಹಕ್ಕು ಅವಳ ಮನೆಯ ಮುಂದೆ ಯಾರ ಬಸ್ಸು ನಿಲ್ಲುತ್ತದೆ ಎಂಬುದರ ಮೇಲೆ ನಿಂತಿದೆ.

ಇದಕ್ಕೆ ಸುಲಭವಾಗಿ ಹೊಳೆಯುವ ಉತ್ತರಗಳು ಎರಡು: ಸರಕಾರಿ ಬಸ್ಸು ಹೆಚ್ಚಿಸಿ, ಅಥವಾ ಖಾಸಗಿಯವರಿಗೆ ಟಿಕೆಟ್ ಲೆಕ್ಕದಲ್ಲಿ ಹಣ ಕೊಡಿ. ಮೊದಲನೆಯದಕ್ಕೆ ಪರ್ಮಿಟ್ಟಿನ ಜಗಳ, ಎರಡನೆಯದಕ್ಕೆ ಸುಳ್ಳು ಟಿಕೆಟ್ಟಿನ ಭಯ. ಮೂರನೆಯ ದಾರಿ ಒಂದಿದೆ, ಅದನ್ನು ಗಂಭೀರವಾಗಿ ಚರ್ಚಿಸಬೇಕು. ಬಸ್ಸು ಮಾಲೀಕರದ್ದೇ ಇರಲಿ, ಮಾರ್ಗ ಮತ್ತು ವೇಳಾಪಟ್ಟಿಯನ್ನು ಸರಕಾರ ನಿಗದಿ ಮಾಡಲಿ, ಓಡಿದ ಕಿಲೋಮೀಟರಿಗೆ ಇಂತಿಷ್ಟು ಎಂದು ಹಣ ಕೊಡಲಿ, ಟಿಕೆಟ್ ಹಣ ಸರಕಾರಕ್ಕೆ ಸೇರಲಿ. ಎಷ್ಟು ಜನ ಹತ್ತಿದರು ಎಂಬುದರ ಮೇಲೆ ಮಾಲೀಕನ ಲಾಭ ನಿಲ್ಲದಿದ್ದರೆ ಮಹಿಳೆಯರ ಉಚಿತ ಪ್ರಯಾಣಕ್ಕೆ ಅವನು ಅಡ್ಡಿ ಬರುವುದಿಲ್ಲ. ಇನ್ನೊಂದು ಲಾಭವೂ ಇದೆ. ಇಂದು ದಿನದ ಕಲೆಕ್ಷನ್ ನೋಡಿ ದುಡಿಯುವ ಡ್ರೈವರ್ ಕಂಡಕ್ಟರುಗಳು ಟೈಮಿಂಗಿಗಾಗಿ ಒಬ್ಬರನ್ನೊಬ್ಬರು ಹಿಂದಿಕ್ಕಿ ಓಡಿಸುತ್ತಾರೆ, ಅಪಘಾತಗಳಾಗುತ್ತವೆ. ಕಿಲೋಮೀಟರ್ ಲೆಕ್ಕ ಬಂದರೆ ಆ ಓಟದ ಅಗತ್ಯವೇ ಹೋಗುತ್ತದೆ. ಒಪ್ಪಂದದಲ್ಲೇ ಭವಿಷ್ಯನಿಧಿ, ಇಎಸ್‌ಐ, ಎಂಟು ಗಂಟೆಯ ಪಾಳಿ ಎಂದು ಷರತ್ತು ಹಾಕಬಹುದು. ಸಂಜೆ ಏಳರ ನಂತರ ಬಸ್ಸೇ ಇಲ್ಲದ ಹಳ್ಳಿಗಳಿಗೆ ಒಂದು ಟ್ರಿಪ್ ಕಡ್ಡಾಯ ಮಾಡಬಹುದು.

ಈ ಒಂದು ಕರಡನ್ನು ಮುಂದಿಟ್ಟರೆ ಯಾರು ಯಾರು ಬರಬಹುದು ನೋಡಿ. ಶಕ್ತಿ ತನ್ನ ಯೋಜನೆ ಎಂಬ ಅಭಿಮಾನವಿರುವ ಕಾಂಗ್ರೆಸ್ಸಿಗರು. ಕಾರ್ಮಿಕರ ಹಕ್ಕಿನ ಕಾರಣಕ್ಕೆ ಎಡಪಕ್ಷಗಳ ಕಾರ್ಮಿಕ ಸಂಘಟನೆಗಳಾದ ಸಿಐಟಿಯು, ಎಐಟಿಯುಸಿ. ಗ್ಯಾರಂಟಿಗಳನ್ನು ಟೀಕಿಸುವ ಬಿಜೆಪಿಯ ಸದಸ್ಯನಿಗೂ 'ಕರಾವಳಿಗೆ ಅನ್ಯಾಯವಾಗಿದೆ' ಎಂಬ ಮಾತು ಹಿಡಿಸುತ್ತದೆ. ಬಸ್ಸು ಮಾಲೀಕರಲ್ಲಿ ಅವನ ಗೆಳೆಯರೂ ಇರುತ್ತಾರೆ. ಕಾರಣಗಳು ಬೇರೆ, ಸಹಿ ಒಂದೇ ಕಾಗದಕ್ಕೆ. ಯೋಜನೆಗೆ ಹಣ ಎಲ್ಲಿಂದ ಎಂದು ಅವನು ಕೇಳುತ್ತಾನೆ. ಕೇಳಲಿ, ಕೇಳಲೇಬೇಕಾದ ಪ್ರಶ್ನೆ ಅದು. ಒಂದು ಮಾರ್ಗವನ್ನು ಆರಿಸಿ, ದಿನಕ್ಕೆ ಎಷ್ಟು ಟ್ರಿಪ್, ಎಷ್ಟು ಡೀಸೆಲ್, ಎಷ್ಟು ಸಂಬಳ ಎಂದು ಕಂಡಕ್ಟರುಗಳ ಜೊತೆ ಕುಳಿತು ಲೆಕ್ಕ ಹಾಕಿಯೇ ಸಭೆಗೆ ಬನ್ನಿ.

ಎರಡನೆಯ ವಿಷಯ ಬೀಡಿಯಿಂದ ಡೆಲಿವರಿ ಹುಡುಗರವರೆಗೆ ಬರುವ ಎಳೆ. ಮನೆಯ ಜಗಲಿಯಲ್ಲಿ ಮೊರ ಹಿಡಿದು ಬೀಡಿ ಕಟ್ಟುವ ಹೆಂಗಸು ಕಾರ್ಮಿಕಳೋ ಅಲ್ಲವೋ ಎಂಬ ಪ್ರಶ್ನೆ ಒಂದು ಕಾಲದಲ್ಲಿ ಇಡೀ ದೇಶದ ಪ್ರಶ್ನೆಯಾಗಿತ್ತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 1974ರಲ್ಲಿ ಎತ್ತಿಹಿಡಿದದ್ದು ಮಂಗಳೂರಿನ ಬೀಡಿ ಉದ್ಯಮದಿಂದ ಹೋದ ಮೊಕದ್ದಮೆಯಲ್ಲೇ. 1976ರಲ್ಲಿ ಕಾಂಗ್ರೆಸ್ ಸರಕಾರ ಬೀಡಿ ಸೆಸ್ಸಿನಿಂದ ಕಲ್ಯಾಣ ನಿಧಿ ಮಾಡಿತು. 1977ರಲ್ಲಿ ಭವಿಷ್ಯನಿಧಿಯೂ ಬೀಡಿ ಕಾರ್ಮಿಕರಿಗೆ ವಿಸ್ತರಿಸಿತು. ಮಕ್ಕಳ ವಿದ್ಯಾರ್ಥಿವೇತನ, ಚಿಕಿತ್ಸಾಲಯ, ಮನೆ ಕಟ್ಟಲು ನೆರವು ಎಲ್ಲವೂ ಆ ನಿಧಿಯಿಂದ. ಬಂಟ್ವಾಳ, ಉಳ್ಳಾಲದ ಕಡೆ ಆ ವಿದ್ಯಾರ್ಥಿವೇತನದಲ್ಲಿ ಓದಿ ಇಂಜಿನಿಯರ್, ನರ್ಸ್ ಆದ ಹಿಂದೂ, ಮುಸ್ಲಿಂ ಮಕ್ಕಳು ಬೇಕಾದಷ್ಟಿದ್ದಾರೆ. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ಹೋಯಿತು.

ಇಂದು ಅದೇ ಪ್ರಶ್ನೆ ಮೊಬೈಲ್ ಹಿಡಿದು ಬಂದಿದೆ. ಆ್ಯಪ್ ಮೂಲಕ ಊಟ ತಂದುಕೊಡುವ ಹುಡುಗ ಕಾರ್ಮಿಕನೋ ಅಲ್ಲವೋ? ಗಿಗ್ ಕಾರ್ಮಿಕ ಎಂಬ ವರ್ಗವನ್ನು ಕಾನೂನಿನ ಪುಸ್ತಕಕ್ಕೆ ತಂದದ್ದು ಬಿಜೆಪಿ ನೇತೃತ್ವದ ಕೇಂದ್ರ ಸರಕಾರದ 2020ರ ಸಾಮಾಜಿಕ ಭದ್ರತಾ ಸಂಹಿತೆ. ರಾಜ್ಯ ಮಟ್ಟದಲ್ಲಿ ಮೊದಲ ಕಾನೂನು ರಾಜಸ್ಥಾನದ ಕಾಂಗ್ರೆಸ್ ಸರಕಾರದ್ದು, 2023ರಲ್ಲಿ. ಕರ್ನಾಟಕದ ಕಾನೂನು 2025ರಲ್ಲಿ ಬಂತು. ಕಾರ್ಮಿಕನಿಗೆ ಕಂಪೆನಿ ಕೊಡುವ ಪ್ರತಿ ಪಾವತಿಯ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ. ಹಣ ಸಂಗ್ರಹಿಸುವ ದಾರಿ ಬೀಡಿ ಸೆಸ್ಸಿನ ದಾರಿಯೇ. ಐವತ್ತು ವರ್ಷಗಳ ಬೀಡಿ ನಿಧಿಯಲ್ಲಿ ಏನು ಸರಿಯಾಯಿತು, ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಹೆಸರೇ ಬರೆಯದೆ ಹೋದ ಕಾರ್ಮಿಕರಿಗೆ ಏನಾಯಿತು, ಪಾಸ್‌ಬುಕ್ ಇಲ್ಲದವರು ಹೇಗೆ ಹೊರಗುಳಿದರು ಎಂಬುದನ್ನು ಹಿರಿಯ ಬೀಡಿ ಕಾರ್ಮಿಕರಿಂದ ಕೇಳಿ ಬರೆದರೆ, ಗಿಗ್ ಕಾರ್ಮಿಕರ ಮಂಡಳಿಗೆ ಅದಕ್ಕಿಂತ ಉಪಯುಕ್ತ ದಾಖಲೆ ಬೇರೊಂದಿಲ್ಲ. ಈ ಕೆಲಸವನ್ನು ಬೆಂಗಳೂರಿನವರು ಮಾಡಲಾರರು. ನೀವು ಮಾಡಬಲ್ಲಿರಿ. ಇಲ್ಲಿ ಸಂಘ ಪರಿವಾರದ ಕಾರ್ಮಿಕ ಸಂಘಟನೆಯಾದ ಬಿಎಂಎಸ್ ಅನ್ನೂ ಕರೆಯಲು ಹಿಂಜರಿಯಬೇಡಿ. 2013ರ ಫೆಬ್ರವರಿಯ ಎರಡು ದಿನಗಳ ರಾಷ್ಟ್ರವ್ಯಾಪಿ ಮುಷ್ಕರಕ್ಕೆ ಕಾಂಗ್ರೆಸ್ಸಿನ ಐಎನ್‌ಟಿಯುಸಿ, ಎಐಟಿಯುಸಿ, ಸಿಐಟಿಯು ಜೊತೆ ಬಿಎಂಎಸ್ ಕೂಡ ಕರೆ ಕೊಟ್ಟಿತ್ತು.

ಮಲ್ಪೆಯ ಮೀನುಗಾರಿಕೆಯ ವಿಷಯವನ್ನು ಸದ್ಯಕ್ಕೆ ಎತ್ತಿಕೊಳ್ಳಬೇಡಿ ಎನ್ನುತ್ತೇನೆ. ಎರಡು ದೋಣಿಗಳು ಒಂದೇ ಬಲೆ ಎಳೆಯುವ ಬುಲ್ ಟ್ರಾಲ್, ದೀಪ ಹಾಕಿ ಮೀನು ಸೆಳೆಯುವ ಬೆಳಕು ಮೀನುಗಾರಿಕೆ, ನಾಡದೋಣಿಯವರ ಪಾಲು, ಇವೆಲ್ಲ ಬಹಳ ಮುಖ್ಯ. ಆದರೆ ಅಲ್ಲಿ ಎರಡೂ ಕಡೆ ಇರುವವರು ಮೀನುಗಾರರೇ. ಹೊರಗಿನವರು ಅರ್ಧ ತಿಳಿದು ಮಧ್ಯೆ ಹೋದರೆ ಗಾಯ ದೊಡ್ಡದಾಗುತ್ತದೆ.

ಸಭೆ ನಡೆಸುವ ಬಗೆಗೆ ಕೆಲವು ಮಾತು. ಪಂಚಾಯತ್ ಸದಸ್ಯರ ತರಬೇತಿಗಳಲ್ಲಿ ವರ್ಷಗಳಿಂದ ಕುಳಿತು ನಾನು ಕಂಡದ್ದೇನೆಂದರೆ, ಒಂದೇ ವಾರ್ಡಿನಲ್ಲಿ ಎದುರಾಳಿಗಳಾಗಿದ್ದವರು ಕುಡಿಯುವ ನೀರಿನ ಪೈಪಿನ ನಕ್ಷೆಯ ಮುಂದೆ ಅರ್ಧ ಗಂಟೆಯಲ್ಲಿ ಒಂದಾಗುತ್ತಾರೆ. ಗ್ರಾಮ ಪಂಚಾಯತ್ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ. ಆ ಸದಸ್ಯರಿಗೆ ನಿಮ್ಮ ಸಭೆಗೆ ಬರಲು ಪಕ್ಷದ ಅಪ್ಪಣೆ ಬೇಕಾಗಿಲ್ಲ. ಆದ್ದರಿಂದ ಜಿಲ್ಲಾಧ್ಯಕ್ಷರನ್ನು ಮೊದಲು ಕರೆಯಬೇಡಿ. ಪಂಚಾಯತ್ ಸದಸ್ಯೆಯರು, ಕಂಡಕ್ಟರುಗಳು, ಆಶಾ ಕಾರ್ಯಕರ್ತೆಯರು, ನಿವೃತ್ತ ಬ್ಯಾಂಕ್ ನೌಕರರು ಬರಲಿ. ನಮ್ಮ ಜಿಲ್ಲೆಗಳಲ್ಲಿ ಲೆಕ್ಕ ಗೊತ್ತಿರುವ, ಯೂನಿಯನ್ ಕಟ್ಟಿ ಅನುಭವವಿರುವ ನಿವೃತ್ತ ಬ್ಯಾಂಕ್ ನೌಕರರು ಇರುವಷ್ಟು ಬೇರೆ ಕಡೆ ಇರಲಾರರು, ಅವರನ್ನು ನಾವು ಬಳಸಿಕೊಂಡೇ ಇಲ್ಲ. ಮಾತು ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ನಡೆಯಲಿ, ಬರಹ ಕನ್ನಡದಲ್ಲಿರಲಿ.

ಸಭೆಯಲ್ಲಿ ಯಾರೂ ವಿಡಿಯೋ ಮಾಡಬಾರದು. ಇದು ಸಣ್ಣ ವಿಷಯವಲ್ಲ. ಅರ್ಧ ನಿಮಿಷದ ತುಣುಕು ವಾಟ್ಸ್‌ಆ್ಯಪ್ ಗುಂಪಿಗೆ ಹೋದರೆ ಆ ಬಿಜೆಪಿ ಸದಸ್ಯನಿಗೂ ತೊಂದರೆ, ಅವನ ಪಕ್ಕದಲ್ಲಿ ಕುಳಿತ ಮುಸ್ಲಿಂ ಸದಸ್ಯೆಗೆ ಅದಕ್ಕಿಂತ ದೊಡ್ಡ ತೊಂದರೆ. ಒಪ್ಪಿದ ಅಂಶಗಳನ್ನು ಬರೆಯಿರಿ, ಒಪ್ಪದ ಅಂಶಗಳನ್ನೂ ಬರೆಯಿರಿ, ಯಾರು ಏನು ಹೇಳಿದರು ಎಂದು ಹೆಸರು ಹಾಕಬೇಡಿ.

ಶಾಸಕರಿಂದ ಸಾಧ್ಯವಾದದ್ದನ್ನು ಮಾತ್ರ ಕೇಳಿ. 1985ರ ಪಕ್ಷಾಂತರ ನಿಷೇಧ ಕಾನೂನಿನ ನಂತರ ಪಕ್ಷದ ಆದೇಶವಾದ ವಿಪ್ ಮೀರಿ ಮತ ಹಾಕಿದವನ ಸದಸ್ಯತ್ವವೇ ಹೋಗಬಹುದು. ಹಾಗಾಗಿ 'ನಿಮ್ಮ ಪಕ್ಷದ ವಿರುದ್ಧ ನಿಲ್ಲಿ' ಎಂದು ಕೇಳುವುದು ವ್ಯರ್ಥ. ಪ್ರಶ್ನೆ ಕೇಳಲು, ಗಮನ ಸೆಳೆಯುವ ಸೂಚನೆ ಕೊಡಲು, ತಾಲೂಕಿನ ಅಭಿವೃದ್ಧಿ ಪರಿಶೀಲನೆಯ ಕೆಡಿಪಿ ಸಭೆಯಲ್ಲಿ ಚರ್ಚೆಗೆ ಇಡಲು ಅವರಿಗೆ ಯಾವ ಅಡ್ಡಿಯೂ ಇಲ್ಲ. ಬಸ್ಸಿನ ಪರ್ಮಿಟ್ಟಿನ ವಿಷಯ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಮುಂದೆ ಬರುತ್ತದೆ. ಅಲ್ಲಿಗೆ ಹತ್ತು ಗ್ರಾಮ ಪಂಚಾಯತ್‌ಗಳ ನಿರ್ಣಯದೊಂದಿಗೆ ಹೋಗುವುದಕ್ಕೂ ಬರಿಗೈಯಲ್ಲಿ ಹೋಗುವುದಕ್ಕೂ ವ್ಯತ್ಯಾಸವಿದೆ. 1983ರಲ್ಲಿ ರಾಮಕೃಷ್ಣ ಹೆಗಡೆ ಅವರ ಅಲ್ಪಮತದ ಜನತಾ ಸರಕಾರ ಬಿಜೆಪಿ ಮತ್ತು ಎಡಪಕ್ಷಗಳ ಹೊರಗಿನ ಬೆಂಬಲದಲ್ಲಿದ್ದಾಗಲೇ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್ ಅವರ ಪಂಚಾಯತ್ ರಾಜ್ ಮಸೂದೆ ಅಂಗೀಕಾರವಾಯಿತು, ಮಹಿಳೆಯರಿಗೆ ಕಾಲು ಭಾಗ ಮೀಸಲಾತಿ ಅದರಲ್ಲಿತ್ತು. ಆ ಬಿಜೆಪಿ ಶಾಸಕರಲ್ಲಿ ಉಡುಪಿಯಿಂದ ಗೆದ್ದ ಆಚಾರ್ಯರೂ ಇದ್ದರು. ಅಂಥ ರಾಜ್ಯದಲ್ಲಿ 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲೂಕು ಪಂಚಾಯತ್‌ಗಳಿಗೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ, ಸರಕಾರ ಯಾವ ಪಕ್ಷದ್ದಾದರೂ ಸರಿ. ಪಕ್ಷಭೇದವಿಲ್ಲದೆ ಎಲ್ಲರೂ ಒಟ್ಟಾಗಿ ಕೇಳಬೇಕಾದ ಮೊದಲ ಬೇಡಿಕೆಗಳಲ್ಲಿ ಇದೂ ಒಂದು.

ಇನ್ನು ನಿಮ್ಮ ಹಿರಿಯರ ಸಿಟ್ಟಿನ ಮಾತು. ಕೆಲವು ವಿಷಯಗಳು ಮೇಜಿನ ಮೇಲೆ ಬರಬಾರದು. ಒಬ್ಬ ಮನುಷ್ಯನ ಜೀವ, ಯಾರ ಅಂಗಡಿಯಲ್ಲಿ ಯಾರು ಕೊಳ್ಳಬಹುದು, ಯಾರ ಜೊತೆ ಯಾರು ಬಸ್ಸಿನಲ್ಲಿ ಕೂರಬಹುದು, ಜಾತ್ರೆಯಲ್ಲಿ ಯಾರು ವ್ಯಾಪಾರ ಮಾಡಬಹುದು ಎಂಬುದನ್ನು ಸಂವಾದದ ವಿಷಯವಾಗಿ ಒಪ್ಪಿಕೊಂಡ ದಿನ ನೀವು ಸೋತಿರಿ. ಇದನ್ನು ಆಮಂತ್ರಣದಲ್ಲೇ ಒಂದು ಸಾಲಿನಲ್ಲಿ ಬರೆಯಿರಿ. ಕೊಲೆಯನ್ನು, ಹಲ್ಲೆಯನ್ನು ಬಹಿರಂಗವಾಗಿ ಸಮರ್ಥಿಸಿದವನನ್ನು ಕರೆಯಬೇಡಿ, ಅವನು ಯಾವ ಧರ್ಮದ ಯಾವ ಸಂಘಟನೆಯವನಾದರೂ. ಆದರೆ ಅವನ ಪಕ್ಷಕ್ಕೆ ಮತ ಹಾಕಿದ ಬೀಡಿ ಕಟ್ಟುವ ಹೆಂಗಸನ್ನು ಅವನ ಜೊತೆ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಈ ಭೇದವನ್ನು ಮರೆತದ್ದರಿಂದಲೇ ನಾವು ಪ್ರತಿ ಸಲ ಅವೇ ಮುಖಗಳ ಮುಂದೆ ಮಾತನಾಡುತ್ತಿದ್ದೇವೆ.

ಹೋರಾಟ ಬಿಟ್ಟು ಸಂವಾದ ಎಂದೂ ಯಾರೂ ಹೇಳುತ್ತಿಲ್ಲ ಎಂದು ಅವರಿಗೆ ತಿಳಿಸಿ. ಗೇಣಿದಾರರು ಸಂಘಟಿತರಾಗದಿದ್ದರೆ ಭೂನ್ಯಾಯಮಂಡಳಿ ಹುಟ್ಟುತ್ತಿರಲಿಲ್ಲ. ಕಂಡಕ್ಟರುಗಳ ಯೂನಿಯನ್ ಇಲ್ಲದೆ ಬಸ್ಸಿನ ಕರಡು ಬರಿಯ ಕಾಗದ. ಇನ್ನೊಂದು ಎಚ್ಚರಿಕೆ: ಪಕ್ಷಾತೀತ ಎಂಬ ವೇದಿಕೆಗಳು ನಮ್ಮಲ್ಲಿ ಬಹಳ ಬೇಗ ಮೇಲ್ಜಾತಿಯ, ಇಂಗ್ಲಿಷ್ ಬಲ್ಲ ಗಂಡಸರ ಕೂಟವಾಗಿಬಿಡುತ್ತವೆ. ಕೊರಗ ಸಮುದಾಯದವರನ್ನು ಅವರ ವಿಷಯ ಬಂದಾಗ ಮಾತ್ರ ಕರೆಯದೆ ಬಸ್ಸಿನ ಸಭೆಗೂ ಕರೆಯಿರಿ.

ಆ ಹಿರಿಯರ ಮನೆಗೆ ನೀವೇ ಹೋಗಿ. ಅವರು ಭೂಮಸೂದೆಯ ಕಾಲದವರಾಗಿದ್ದರೆ ನ್ಯಾಯಮಂಡಳಿಯ ಮುಂದೆ ಜನರನ್ನು ಹೇಗೆ ಸಿದ್ಧಗೊಳಿಸಿದರು ಎಂದು ಕೇಳಿ ಬರೆದುಕೊಳ್ಳಿ, ಕರಡನ್ನು ಅವರಿಗೇ ಮೊದಲು ತೋರಿಸಿ ಟೀಕೆ ಬರೆಸಿಕೊಳ್ಳಿ. ಆಮೇಲೆ ಒಂದು ಬಸ್ ಮಾರ್ಗವನ್ನು ಆರಿಸಿ. ಎರಡು ಪುಟ ಸಾಕು: ಯಾರಿಗೆ ಏನು ತೊಂದರೆ, ಏನು ಮಾಡಬೇಕು, ಖರ್ಚೆಷ್ಟು, ಯಾವ ಕಚೇರಿ ತೀರ್ಮಾನಿಸಬೇಕು, ಅದಕ್ಕೆ ಸುತ್ತೋಲೆ ಸಾಕೋ ಕಾನೂನು ತಿದ್ದಬೇಕೋ. ಆ ಮಾರ್ಗದ ಎಲ್ಲ ಗ್ರಾಮ ಪಂಚಾಯತ್‌ಗಳ ಸದಸ್ಯರಿಗೆ, ಪಕ್ಷ ನೋಡದೆ, ಆ ಎರಡು ಪುಟದ ಪ್ರತಿಯನ್ನು ಕೈಯಾರೆ ಕೊಟ್ಟು ಸಭೆಗೆ ಕರೆಯಿರಿ. ಮುಂದಿನ ಗ್ರಾಮಸಭೆಗಳಿಗೆ ಮೊದಲು ಇದು ಮುಗಿದರೆ ನಿರ್ಣಯಗಳನ್ನು ಅಲ್ಲಿಯೇ ಮಾಡಿಸಬಹುದು.